ಕೂಡುರಸ್ತೆಯಲ್ಲಿ ಇಳಿಸಿಟ್ಟ ಊಟ: ಇಬ್ಬರು ರಾಬರ್ಟ್‌ಸನ್‌ರ ಕಥೆ

(ಗೆಳೆಯರ ಓದಿನ ಬಳಗದಲ್ಲಿ ಈಚೆಗೆ ಆಡಿದ ಮಾತುಗಳಿವು. ಕೇಳಿದ ಕೆಲವರು ಬರೆದು ಕೊಡಿ ಅಂದರು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಲೆಕ್ಕ ಹೇಳಿಬಿಡುತ್ತೇನೆ. 1914ರಲ್ಲಿ ಬ್ರಿಟಿಷ್ ಸೈನ್ಯದ ಒಂದು ಕಾಲಾಳು ಡಿವಿಷನ್ ಅಂದರೆ ಸುಮಾರು 18,000 ಜನ, 5,500ಕ್ಕೂ ಜಾಸ್ತಿ ಕುದುರೆ. ಯುದ್ಧಕ್ಕೆ ಹೋದ ಸಿಪಾಯಿಗೆ ದಿನಕ್ಕೆ ಇಷ್ಟು ರೇಷನ್ ಅಂತ ಗೊತ್ತು ಮಾಡಿದ್ದರು. ಒಂದೂಕಾಲು ಪೌಂಡ್ ಬ್ರೆಡ್, ಒಂದೂಕಾಲು ಪೌಂಡ್ ಮಾಂಸ, ಜೊತೆಗೆ ಬೇಕನ್, ಚೀಸ್, ಜ್ಯಾಮ್, ಸಕ್ಕರೆ, ಟೀ ಪುಡಿ. ಗುಣಿಸಿ ನೋಡಿ. ಒಂದು ಡಿವಿಷನ್ನಿಗೆ ಬ್ರೆಡ್ ಒಂದೇ ದಿನಕ್ಕೆ 10 ಟನ್. ಮಾಂಸ ಇನ್ನು 10 ಟನ್. ಕುದುರೆಗಳದ್ದು ಇನ್ನೂ ದೊಡ್ಡ ಹೊಟ್ಟೆ. ಓಟ್ಸು, ಒಣಹುಲ್ಲು ಸೇರಿ ಒಂದೊಂದಕ್ಕೂ ಹತ್ತು ಕೆ.ಜಿ. ಹತ್ತಿರ. ಅಂದರೆ ಮೇವೇ 50 ಟನ್ ದಾಟುತ್ತದೆ. ಗುಂಡು, ಮದ್ದು, ಲಾಳ, ಬ್ಯಾಂಡೇಜು ಇದರಲ್ಲಿ ಸೇರಿಲ್ಲ.

ಇದೆಲ್ಲ ಒಂದೇ ದಿನದ ಮಾತು. ಆ ಡಿವಿಷನ್ ನಾಳೆ ಇಪ್ಪತ್ತೈದು ಕಿಲೋಮೀಟರ್ ಆಚೆ ಇರುತ್ತದೆ. ಯಾವ ದಿಕ್ಕಿನಲ್ಲಿ ಅಂತ ಅದಕ್ಕೇ ಗೊತ್ತಿರುವುದಿಲ್ಲ. ಆದರೆ ಊಟ ಮಾತ್ರ ಅಲ್ಲಿಗೆ ತಲುಪಿರಬೇಕು.

ಈ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡೇ ಬದುಕಿದ ಇಬ್ಬರು ಅಧಿಕಾರಿಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಅಪ್ಪ ವಿಲಿಯಂ ರಾಬರ್ಟ್‌ಸನ್, ಮಗ ಬ್ರಯನ್ ರಾಬರ್ಟ್‌ಸನ್. ಅಪ್ಪ ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಊಟ ಹೊಂದಿಸಿದವರು. ಮಗ ಎರಡನೆಯದರಲ್ಲಿ. ಸೇನಾಪತಿಗಳ ಹೆಸರು ಎಲ್ಲರ ಬಾಯಲ್ಲೂ ಇದೆ. ಈ ಕೆಲಸ ಮಾಡಿದವರ ಹೆಸರು ಸೈನ್ಯದ ಇತಿಹಾಸ ಓದುವವರಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿಲ್ಲ. ನನಗೆ ಇದು ಅನ್ಯಾಯ ಅನಿಸುತ್ತದೆ.

ವಿಲಿಯಂ ಹುಟ್ಟಿದ್ದು 1860ರಲ್ಲಿ, ಇಂಗ್ಲೆಂಡಿನ ಲಿಂಕನ್‌ಶೈರಿನ ವೆಲ್‌ಬೋರ್ನ್ ಎಂಬ ಹಳ್ಳಿಯಲ್ಲಿ. ತಂದೆ ಊರಿನ ದರ್ಜಿ. ಅಂಚೆ ಕೆಲಸವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಹುಡುಗ ಹದಿಮೂರಕ್ಕೆ ಶಾಲೆ ಬಿಟ್ಟ. ಪಾದ್ರಿಯ ಮನೆಯಲ್ಲಿ ಕೆಲಸಕ್ಕಿದ್ದ. ಆಮೇಲೆ ಡೀನ್ ಪಾರ್ಕ್ ಎಂಬ ದೊಡ್ಡ ಮನೆಯಲ್ಲಿ, ಕಾರ್ಡಿಗನ್ ಮನೆತನದವರ ಹತ್ತಿರ, ಊಟ ಬಡಿಸುವ, ಬಾಗಿಲು ತೆಗೆಯುವ ಆಳಾದ. 1877ರ ನವೆಂಬರಿನಲ್ಲಿ ಆ ಕೆಲಸ ಬಿಟ್ಟು ಸೈನ್ಯಕ್ಕೆ ಸೇರಿಬಿಟ್ಟ. ವಯಸ್ಸು ಇನ್ನೂ ಹದಿನೆಂಟು ತುಂಬಿರಲಿಲ್ಲ. ಜಾಸ್ತಿ ಹೇಳಿ ಬರೆಸಿಕೊಂಡ.

ಅಮ್ಮನಿಂದ ಒಂದು ಕಾಗದ ಬಂತು. ಓದು ಬರಹ ಬಲ್ಲ ಹುಡುಗನಿಗೆ ಮಾಡಲು ಬೇಕಾದಷ್ಟು ಕೆಲಸಗಳಿವೆ, ಸೈನ್ಯ ಸೋಮಾರಿಗಳ ಜಾಗ, ಈ ವಿಷಯ ಯಾರಿಗೂ ಹೇಳಲಾರೆ, ನನಗೆ ನಾಚಿಕೆಯಾಗುತ್ತದೆ ಎಂದು ಆ ತಾಯಿ ಬರೆದರು. ನಿನ್ನನ್ನು ಕೆಂಪು ಕೋಟಿನಲ್ಲಿ ನೋಡುವುದಕ್ಕಿಂತ ಮಣ್ಣು ಮಾಡುವುದೇ ವಾಸಿ ಅಂತಲೂ ಬರೆದರು. ಅದು ಕೋಪದ ಮಾತು ಮಾತ್ರ ಅಲ್ಲ. ಆಗ ಇಂಗ್ಲೆಂಡಿನ ಮರ್ಯಾದಸ್ಥ ಬಡವರ ಮನೆಗಳಲ್ಲಿ ಸಿಪಾಯಿ ಅಂದರೆ ಕುಡುಕ, ಪೋಲಿ ಅಂತಲೇ ಲೆಕ್ಕ. ಹುಡುಗನಿಗೂ ಮೊದಲ ರಾತ್ರಿಯೇ ಬ್ಯಾರಕ್ಕಿನ ಗಲಾಟೆ ನೋಡಿ ಓಡಿಹೋಗಬೇಕು ಅನಿಸಿತು. ಆದರೆ ಓಡಿಹೋಗಲು ಹಾಕಿಕೊಳ್ಳಬೇಕಾದ ಬಟ್ಟೆಯೇ ಇರಲಿಲ್ಲ. ಅವನಿಗಿಂತ ಮೊದಲು ಇನ್ನೊಬ್ಬ ಅದೇ ಬಟ್ಟೆ ಹಾಕಿಕೊಂಡು ಪರಾರಿಯಾಗಿದ್ದ!

ಉಳಿದುಕೊಂಡ. ಕುದುರೆ ಪಡೆಯ ಸಿಪಾಯಿಗೆ ದಿನವಿಡೀ ಜೀನು, ಪಟ್ಟಿ, ಬೂಟು ಉಜ್ಜುವ ಕೆಲಸ. ಉಜ್ಜುತ್ತಾ ಕೂತಾಗ ಜೊತೆಗಾರನೊಬ್ಬನಿಂದ ಗಟ್ಟಿಯಾಗಿ ಪುಸ್ತಕ ಓದಿಸಿಕೊಳ್ಳುತ್ತಿದ್ದ. ಯುದ್ಧಗಳ ಇತಿಹಾಸ ಅವನ ತಲೆಗೆ ಹತ್ತಿದ್ದು ಹಾಗೆ. ಕಾರ್ಪೋರಲ್ ಆಗಿದ್ದಾಗ ಕಾವಲಿನಲ್ಲಿದ್ದ ಒಬ್ಬ ಆಸಾಮಿ ತಪ್ಪಿಸಿಕೊಂಡ ಅಂತ ಮೂರು ವಾರ ಜೈಲೂ ಆಯಿತು. 1885ಕ್ಕೆ ಟ್ರೂಪ್ ಸಾರ್ಜೆಂಟ್ ಮೇಜರ್. 1888ರಲ್ಲಿ ಪರೀಕ್ಷೆ ಪಾಸು ಮಾಡಿ ಸೆಕೆಂಡ್ ಲೆಫ್ಟಿನೆಂಟ್. ಸಿಪಾಯಿಯಾಗಿ ಸೇರಿದವನು ಅಧಿಕಾರಿಯಾಗುವುದು ಆಗ ತುಂಬಾ ಅಪರೂಪ. ಅದರಲ್ಲೂ ಕುದುರೆ ಪಡೆಯಲ್ಲಿ! ಅಲ್ಲಿ ಅಧಿಕಾರಿಯ ಸಂಬಳದಲ್ಲಿ ಮೆಸ್ಸಿನ ಖರ್ಚೂ ಪೂರೈಸುತ್ತಿರಲಿಲ್ಲ. ಆಸ್ತಿವಂತರ ಮಕ್ಕಳಿಗೆ ಮನೆಯಿಂದ ದುಡ್ಡು ಬರುತ್ತಿತ್ತು. ಇವರಿಗೆ ಬಂದದ್ದು ತಂದೆ ತಮ್ಮ ಕೈಯಾರೆ ಹೊಲಿದುಕೊಟ್ಟ ಯೂನಿಫಾರಂ.

ಖರ್ಚು ಕಡಿಮೆ ಅಂತ ಭಾರತಕ್ಕೆ ಬಂದದ್ದು ಒಳ್ಳೆಯದೇ ಆಯಿತು. ಮೆಸ್ಸಿನಲ್ಲಿ ಬೇರೆಯವರು ವೈನ್ ಕುಡಿಯುವಾಗ ಇವರ ಲೋಟದಲ್ಲಿ ನೀರು. ಚುರುಟು ಕೊಳ್ಳಲು ದುಡ್ಡಿಲ್ಲ, ಸೇದುವುದನ್ನೇ ಬಿಟ್ಟರು. ಉಳಿದ ಅಧಿಕಾರಿಗಳು ಬೇಸಿಗೆಯ ಮಧ್ಯಾಹ್ನ ಮಲಗಿದ್ದಾಗ ಇವರು ಮುನ್ಷಿಗಳನ್ನು ಕೂರಿಸಿಕೊಂಡು ಭಾಷೆ ಕಲಿತರು. ಉರ್ದು, ಹಿಂದಿ, ಪಂಜಾಬಿ, ಫಾರ್ಸಿ, ಪಷ್ತೊ, ಗೂರ್ಖರ ಭಾಷೆ. ಒಂದೊಂದು ಪರೀಕ್ಷೆ ಪಾಸಾದರೂ ಸರ್ಕಾರ ಬಹುಮಾನದ ಹಣ ಕೊಡುತ್ತಿತ್ತು. ಸಂಸಾರ ತೂಗಿಸಲು ಅದು ಬೇಕಿತ್ತು.

ಸಾಗಾಟದ ಮೊದಲ ಪಾಠವೂ ಇಲ್ಲಿಯದೇ. 1891ರಲ್ಲಿ ವಾಯವ್ಯ ಗಡಿಯ ಕೊಹಾಟ್ ಕಡೆ ನಡೆದ ದಂಡಯಾತ್ರೆಗೆ ಅವರನ್ನು ರೈಲ್ವೆ ಸಾಗಾಟ ಅಧಿಕಾರಿ ಮಾಡಿದರು. ಕುದುರೆ, ಒಂಟೆ, ಹೇಸರಗತ್ತೆ, ಮೂಟೆ, ಪೆಟ್ಟಿಗೆಗಳನ್ನು ರೈಲಿನಿಂದ ಇಳಿಸಿ ಮುಂದಕ್ಕೆ ಸಾಗಿಸುವ ಕೆಲಸ. ಆಮೇಲೆ ಸಿಮ್ಲಾದಲ್ಲಿ ಗುಪ್ತಚರ ಶಾಖೆ. ಅದು ಕ್ವಾರ್ಟರ್‌ಮಾಸ್ಟರ್ ಜನರಲ್ ಇಲಾಖೆಯ, ಅಂದರೆ ಸೈನ್ಯಕ್ಕೆ ಊಟ, ಸಾಮಾನು ಒದಗಿಸುವ ಇಲಾಖೆಯ ಕೆಳಗೇ ಇತ್ತು. ಯಾವ ಕಣಿವೆಯಲ್ಲಿ ನೀರಿದೆ, ಯಾವ ದಾರಿಯಲ್ಲಿ ಹೇಸರಗತ್ತೆ ಹೋಗುತ್ತದೆ, ಯಾವ ಹಳ್ಳಿಯಲ್ಲಿ ಎಷ್ಟು ಧಾನ್ಯ ಸಿಗುತ್ತದೆ. ಶತ್ರುವಿನ ವಿಷಯ ತಿಳಿಯುವುದೂ ಅನ್ನದ ವಿಷಯ ತಿಳಿಯುವುದೂ ಆ ಕಚೇರಿಯಲ್ಲಿ ಒಂದೇ ಮೇಜಿನ ಕೆಲಸ. ಗಿಲ್ಗಿತ್, ಪಾಮೀರ್‌ವರೆಗೆ ಅವರೇ ಹೋಗಿ ನೋಡಿ ಬಂದರು. 1895ರಲ್ಲಿ ಚಿತ್ರಾಲ್ ದಂಡಯಾತ್ರೆಯಲ್ಲಿ ಅವರ ಮೇಲೆ ದಾಳಿ ಮಾಡಿ ಗಾಯಗೊಳಿಸಿದವರು ಜೊತೆಗಿದ್ದ ದಾರಿ ತೋರಿಸುವವರೇ. ಬದುಕಿ ಬಂದರು, ಡಿ.ಎಸ್.ಒ. ಪದಕ ಸಿಕ್ಕಿತು. 1897ರಲ್ಲಿ, ಸೈನ್ಯದ ದೊಡ್ಡ ಹುದ್ದೆಗಳಿಗೆ ಅಧಿಕಾರಿಗಳನ್ನು ತಯಾರು ಮಾಡುವ ಕ್ಯಾಂಬರ್ಲಿಯ ಸ್ಟಾಫ್ ಕಾಲೇಜು ಸೇರಿದರು. ಸಿಪಾಯಿಯಾಗಿದ್ದವರು ಆ ಬಾಗಿಲು ದಾಟಿದ್ದು ಅದೇ ಮೊದಲು.

ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಎಂಬ ಡಚ್ ಮೂಲದವರ ಜೊತೆ ಬ್ರಿಟಿಷರಿಗೆ ನಡೆದ ಯುದ್ಧದ ಬಗ್ಗೆ ಒಂದೇ ವಿಷಯ ಹೇಳುತ್ತೇನೆ. 1900ರಲ್ಲಿ ಬ್ರಿಟಿಷ್ ಸೇನಾಪತಿ ಲಾರ್ಡ್ ರಾಬರ್ಟ್ಸ್ ಅವರ ಸೈನ್ಯ ರೈಲ್ವೆ ಬಿಟ್ಟು ಬಯಲಿಗೆ ಹೊರಟಿತು. ನಂಬಿಕೊಂಡದ್ದು ಎತ್ತಿನ ಗಾಡಿಗಳನ್ನು. ಹೊರಡುವ ಮುಂಚೆಯೇ ರಾಬರ್ಟ್ಸ್ ಮತ್ತು ಕಿಚನರ್ ಇಬ್ಬರೂ ಹಳೆಯ ಸಾಗಾಟ ವ್ಯವಸ್ಥೆಯನ್ನು ಬುಡಮೇಲು ಮಾಡಿದ್ದರು. ಫೆಬ್ರವರಿ 15ರಂದು ವಾಟರ್‌ವಾಲ್ ಡ್ರಿಫ್ಟ್ ಎಂಬ ಹೊಳೆದಾಟಿನ ಜಾಗದಲ್ಲಿ ಬೋಯರ್ ನಾಯಕ ಡಿ ವೆಟ್ ನೂರೈವತ್ತಕ್ಕೂ ಹೆಚ್ಚು ಗಾಡಿಗಳನ್ನು ಎತ್ತುಗಳ ಸಮೇತ ಹೊಡೆದುಕೊಂಡು ಹೋದ. ಸೈನ್ಯ ಅರೆಹೊಟ್ಟೆಯಲ್ಲೇ ಮುಂದೆ ನಡೆಯಿತು. ರಾಬರ್ಟ್‌ಸನ್ ಆಗ ಇದ್ದದ್ದು ಅದೇ ಕೇಂದ್ರ ಕಚೇರಿಯಲ್ಲಿ. ಎಲ್ಲವನ್ನೂ ಹತ್ತಿರದಿಂದ ನೋಡಿದರು.

ಎತ್ತಿನ ಮಾತು ಬಂತು ಅಂತ ನಮ್ಮ ಕಡೆಯದೂ ಒಂದು ಹೇಳಬೇಕು. ಬ್ರಿಟಿಷರಿಗೆ ಎತ್ತಿನ ಬೆಲೆ ಗೊತ್ತಾಗಿದ್ದು ಮೈಸೂರಿನಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪು ಕಾಲಕ್ಕೆ ಅಮೃತ ಮಹಲ್ ಆಯಿತು. ಫಿರಂಗಿ, ಸಾಮಾನು ಎಳೆಯಲೆಂದೇ ಸಾಕಿದ ತಳಿ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ದನಗಳು ಕಂಪನಿ ಸೈನ್ಯಕ್ಕೆ ಸೇರಿದವು. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ಅಷ್ಟು ಬೇಗ ಬೇಗ ನುಗ್ಗಲು ಆದದ್ದರಲ್ಲಿ ಈ ಎತ್ತುಗಳ ಪಾಲು ದೊಡ್ಡದು. ಅಜ್ಜಂಪುರದಲ್ಲಿ ಈಗಲೂ ಆ ತಳಿಯ ಕೇಂದ್ರ ಇದೆ. ಚಿಕ್ಕಮಗಳೂರಿನ ಕಡೆ ಹೋದರೆ ನೋಡಿಕೊಂಡು ಬನ್ನಿ.

ಮತ್ತೆ ರಾಬರ್ಟ್‌ಸನ್ ಕಡೆಗೆ. 1907ರಲ್ಲಿ ಆಲ್ಡರ್‌ಶಾಟ್‌ನಲ್ಲಿ ಅಸಿಸ್ಟೆಂಟ್ ಕ್ವಾರ್ಟರ್‌ಮಾಸ್ಟರ್ ಜನರಲ್ ಆದರು. 1910ರಿಂದ 1913ರವರೆಗೆ ತಾವೇ ಓದಿದ್ದ ಸ್ಟಾಫ್ ಕಾಲೇಜಿನ ಮುಖ್ಯಸ್ಥರು. ಅಲ್ಲಿ ಅವರು ಪಾಠ ಮಾಡುತ್ತಿದ್ದ ರೀತಿ ಬೇರೆಯೇ. ಮುಂದಕ್ಕೆ ನುಗ್ಗುವುದನ್ನು ಎಲ್ಲರೂ ಕಲಿಸುತ್ತಿದ್ದರು. ಇವರು ಹಿಂದಕ್ಕೆ ಬರುವುದನ್ನೂ ಕಲಿಸಿದರು. ದೊಡ್ಡ ಸೈನ್ಯವನ್ನು ಚೆಲ್ಲಾಪಿಲ್ಲಿ ಆಗದ ಹಾಗೆ ಹಿಂದಕ್ಕೆ ತರುವುದು ಹೇಗೆ? ಆಗ ಲಾರಿ, ಗಾಡಿ ಎಲ್ಲಿರಬೇಕು? ಯಾವ ರಸ್ತೆ ಯಾರಿಗೆ ಬಿಡಬೇಕು? ಎದುರಿಗೆ ಕೂತಿದ್ದ ಯುವ ಅಧಿಕಾರಿಗಳಿಗೆ ಸ್ವಲ್ಪ ದಿನದಲ್ಲೇ ಅದರ ಅಗತ್ಯ ಬಿತ್ತು.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಫ್ರಾನ್ಸಿಗೆ ಹೊರಟ ಬ್ರಿಟಿಷ್ ಪಡೆಗೆ ರಾಬರ್ಟ್‌ಸನ್ ಕ್ವಾರ್ಟರ್‌ಮಾಸ್ಟರ್ ಜನರಲ್. ಸಾಮಾನು ಹಡಗಿನಲ್ಲಿ ಲ ಹಾವ್ರ್ ಬಂದರಿಗೆ ಬರಬೇಕು, ಅಲ್ಲಿಂದ ರೈಲು, ರೈಲಿನಿಂದ ಲಾರಿ, ಲಾರಿಯಿಂದ ಕುದುರೆ ಗಾಡಿ, ಗಾಡಿಯಿಂದ ಸಿಪಾಯಿಯ ಕೈಗೆ. ಕಾಗದದ ಮೇಲೆ ಚೆನ್ನಾಗೇ ಇತ್ತು. ಆದರೆ ಸೈನ್ಯ ತೀರಾ ಮುಂದೆ, ಬೆಲ್ಜಿಯಂ ಗಡಿಯ ಹತ್ತಿರ ಹೋಗಿ ನಿಲ್ಲುತ್ತಿರುವುದು ಅವರಿಗೆ ಸರಿ ಕಾಣಲಿಲ್ಲ. ಜರ್ಮನ್ನರು ಬ್ರಿಟಿಷರ ಎಡಗಡೆಯಿಂದ ಸುತ್ತಿ ಬಂದರೆ ಲ ಹಾವ್ರ್ ಕೈಬಿಡುತ್ತದೆ. ಅದಕ್ಕೇ ದೂರದ ಸೇಂಟ್ ನಜೇರ್ ಬಂದರಿನ ಮೇಲೆ ಮೊದಲೇ ಒಂದು ಕಣ್ಣಿಟ್ಟಿದ್ದರು.

ಆಗಸ್ಟ್ 23ರಂದು ಮೋನ್ಸ್‌ನಲ್ಲಿ ಕದನ. ಮಾರನೆಯ ದಿನವೇ ಹಿಮ್ಮೆಟ್ಟುವುದು ಶುರು. ಹದಿಮೂರು ದಿನ, 300 ಕಿ.ಮೀ.ಗೂ ಜಾಸ್ತಿ. ಸುಡು ಬಿಸಿಲು, ರಸ್ತೆ ತುಂಬಾ ಊರು ಬಿಟ್ಟು ಹೊರಟ ಜನರ ಗಾಡಿಗಳು. ಸಿಪಾಯಿಗಳು ನಡೆಯುತ್ತಲೇ ನಿದ್ದೆ ಮಾಡುತ್ತಿದ್ದರು. ಯಾವ ಬೆಟಾಲಿಯನ್ ಎಲ್ಲಿದೆ ಅಂತ ಅದರ ಜನರಲ್‌ಗೇ ಗೊತ್ತಿಲ್ಲ.

ಇಂಥ ಹೊತ್ತಿನಲ್ಲಿ ನಿಯಮದ ಪುಸ್ತಕ ಏನು ಹೇಳುತ್ತದೆ? ಇಂಥ ಘಟಕ ಇಂಥ ಜಾಗಕ್ಕೆ ಬಂದು, ಚೀಟಿ ತೋರಿಸಿ, ಎಣಿಸಿ ತೆಗೆದುಕೊಂಡು ಹೋಗಲಿ ಅನ್ನುತ್ತದೆ. ಹಾಗೆ ಮಾಡಿದ್ದರೆ ಅರ್ಧ ಸೈನ್ಯ ಉಪವಾಸ. ರಾಬರ್ಟ್‌ಸನ್ ಚೀಟಿಯನ್ನು ಪಕ್ಕಕ್ಕಿಟ್ಟರು. ಹಿಂದಕ್ಕೆ ಬರುವ ಸೈನ್ಯ ದಾಟಲೇಬೇಕಾದ ಕೂಡುರಸ್ತೆಗಳನ್ನು ಗುರುತು ಮಾಡಿ, ಅಲ್ಲಿ ರಸ್ತೆ ಬದಿಗೆ ಬಿಸ್ಕತ್ತಿನ ಪೆಟ್ಟಿಗೆ, ಡಬ್ಬಿ ಮಾಂಸ, ಚೀಸ್ ಸುರಿಸಿ ಬಿಟ್ಟರು. ಯಾರು ಬಂದರೂ ಎತ್ತಿಕೊಂಡು ಹೋಗಲಿ. ಎಷ್ಟೋ ಹಾಳಾಯಿತು, ಎಷ್ಟೋ ಜರ್ಮನ್ನರ ಪಾಲಾಯಿತು. ಅವರಿಗೆ ಅದು ಗೊತ್ತಿತ್ತು. ಲೆಕ್ಕ ತಪ್ಪಿದರೂ ಸರಿ, ಹೊಟ್ಟೆ ತಪ್ಪಬಾರದು ಅನ್ನುವ ತೀರ್ಮಾನ ಅದು. ಸಿಪಾಯಿಯಾಗಿ ಹಸಿದು ನಡೆದವರಿಗೆ ಮಾತ್ರ ಇಷ್ಟು ಬೇಗ ಹೊಳೆಯುವ ತೀರ್ಮಾನ ಅಂತ ನನ್ನ ನಂಬಿಕೆ. ದಿಕ್ಕು ತಪ್ಪಿ ಬಂದ ಹತ್ತು ಜನಕ್ಕೆ ರಸ್ತೆ ಬದಿಯಲ್ಲಿ ತಮ್ಮವರ ಡಬ್ಬಿ ಕಂಡರೆ ಹೊಟ್ಟೆಯೂ ತುಂಬುತ್ತದೆ, ದಾರಿಯೂ ಸರಿ ಇದೆ ಅಂತ ಗೊತ್ತಾಗುತ್ತದೆ ಅಲ್ವಾ?

ಅದೇ ದಿನಗಳಲ್ಲಿ ಹಿಂದುಗಡೆ ಬಂದರನ್ನೇ ಬದಲಾಯಿಸಿದರು. ಲ ಹಾವ್ರ್‌ನಲ್ಲಿ ಇಳಿಸಿದ್ದ ಸುಮಾರು 60,000 ಟನ್ ಸಾಮಾನು ಮತ್ತೆ ಹಡಗು ಹತ್ತಿ ಸೇಂಟ್ ನಜೇರ್‌ಗೆ ಹೋಯಿತು. ಸೆಪ್ಟೆಂಬರಿನಲ್ಲಿ ಅದೇ ಸೈನ್ಯ ತಿರುಗಿ ನಿಂತು ಮಾರ್ನ್ ನದಿಯ ಕದನದಲ್ಲಿ ಮುಂದಕ್ಕೆ ನಡೆಯಿತು. ಊಟವಿಲ್ಲದೆ ಚದುರಿದ ಸೈನ್ಯಕ್ಕೆ ಅದು ಆಗುತ್ತಿರಲಿಲ್ಲ.

ಸಿಪಾಯಿಗಳು ಅವರಿಗೆ ಒಂದು ಅಡ್ಡಹೆಸರು ಇಟ್ಟಿದ್ದರು. 'ಏನಾದರೂ ದೂರು ಇದೆಯಾ' ಅಜ್ಜ. ಊಟದ ಹೊತ್ತಿಗೆ ಬಂದು ನಿಂತು ಅವರು ಕೇಳುತ್ತಿದ್ದ ಪ್ರಶ್ನೆಯೇ ಅದು. ಪ್ರೀತಿಯಿಂದ ಇಟ್ಟ ಹೆಸರು.

ಸೆಪ್ಟೆಂಬರ್ 26ರಂದು ಭಾರತೀಯ ಸೈನ್ಯದ ಲಾಹೋರ್ ಡಿವಿಷನ್ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಈಗ ಬಿಸ್ಕತ್ತು, ಡಬ್ಬಿ ಮಾಂಸ ನಡೆಯುವುದಿಲ್ಲ. ಗೋಧಿ ಹಿಟ್ಟು, ಬೇಳೆ, ತುಪ್ಪ, ಬೆಲ್ಲ, ಮಸಾಲೆ ಬೇಕು. ಮಾಂಸಕ್ಕೆ ಜೀವಂತ ಆಡು, ಕುರಿ ಬೇಕು. ಹಿಂದೂಗಳಿಗೂ ಸಿಖ್ಖರಿಗೂ ಒಂದು ಕಡೆ, ಮುಸ್ಲಿಮರಿಗೆ ಇನ್ನೊಂದು ಕಡೆ, ಅವರವರ ಪದ್ಧತಿಯಂತೆ ಅವರವರೇ ಕೊಯ್ಯಬೇಕು. ಫ್ರಾನ್ಸಿನ ಚಳಿಯಲ್ಲಿ ಇಷ್ಟನ್ನೂ ಹೊಂದಿಸುವ ಇಲಾಖೆಯ ಮುಖ್ಯಸ್ಥರು ಆ ಸಿಪಾಯಿಗಳ ಭಾಷೆ ಬಲ್ಲವರಾಗಿದ್ದದ್ದು ಒಳ್ಳೆಯದೇ ಆಯಿತು. ನಮ್ಮ ಬೆಂಗಳೂರಿನಲ್ಲೇ ಆರ್ಮಿ ಸರ್ವಿಸ್ ಕೋರ್‌ನ ತರಬೇತಿ ಕೇಂದ್ರ ಇದೆ. ಭಾರತೀಯ ಸೈನ್ಯಕ್ಕೆ ಊಟ, ಪೆಟ್ರೋಲ್ ತಲುಪಿಸುವವರು ಕಲಿಯುವುದು ಅಲ್ಲಿಯೇ. ಅವರಿಗೆ ಈ ಕಥೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

1915ರ ಜನವರಿಯಲ್ಲಿ ಅವರು ಅದೇ ಪಡೆಯ ಚೀಫ್ ಆಫ್ ಸ್ಟಾಫ್. ಡಿಸೆಂಬರಿನಲ್ಲಿ ಇಡೀ ಬ್ರಿಟಿಷ್ ಸೈನ್ಯದ ಮುಖ್ಯಸ್ಥ, ಅಂದರೆ ಚೀಫ್ ಆಫ್ ದಿ ಇಂಪೀರಿಯಲ್ ಜನರಲ್ ಸ್ಟಾಫ್. ಇಷ್ಟು ಮೇಲೇರಿದರೂ ಅವರ ಮಾತು ಬದಲಾಗಲಿಲ್ಲ. ನಮ್ಮಲ್ಲಿ 'ಹೋಗಿ' ಅನ್ನುವುದನ್ನು 'ಓಗಿ' ಅಂದರೆ ಕೆಲವರು ಮುಸಿಮುಸಿ ನಗುತ್ತಾರಲ್ಲ, ಅಲ್ಲಿಯೂ ಹಾಗೇ. ಅವರ ಇಂಗ್ಲಿಷಿನಲ್ಲಿ ಹಕಾರ ಬಿಟ್ಟುಹೋಗುತ್ತಿತ್ತು. 1915ರಲ್ಲಿ ಜನರಲ್ ಹೊರೇಸ್ ಸ್ಮಿತ್-ಡೋರಿಯನ್ ಅವರನ್ನು ಕೆಲಸದಿಂದ ತೆಗೆದ ಸುದ್ದಿ ಮುಟ್ಟಿಸುವಾಗ "ಓರೇಸ್, ನೀವಿನ್ನು ಮನೆಗೆ" ಅಂದರಂತೆ ಎಂಬ ಕಥೆ ಸೈನ್ಯದಲ್ಲೆಲ್ಲ ಹಬ್ಬಿತು. ದೊಡ್ಡ ಮನೆತನದವರ ಮಧ್ಯೆ ದರ್ಜಿಯ ಮಗ ತನ್ನ ಊರಿನ ಮಾತನ್ನೇ ಇಟ್ಟುಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮೆಸೊಪೊಟೇಮಿಯಾದ ಗೋಳು ಅವರ ಮೇಜಿಗೆ ಬಂದದ್ದು ಆಗ. ಭಾರತ ಸರ್ಕಾರ ನಡೆಸುತ್ತಿದ್ದ ಆ ಯುದ್ಧದಲ್ಲಿ ಸೈನ್ಯ ಟೈಗ್ರಿಸ್ ನದಿಗುಂಟ ಮೇಲೆ ಮೇಲೆ ಹೋಯಿತು, ದೋಣಿಗಳೇ ಸಾಲದು. ಬಸ್ರಾದಲ್ಲಿ ಸರಿಯಾದ ಹಡಗುಕಟ್ಟೆ ಇಲ್ಲ. ಬಂದ ಹಡಗುಗಳು ಸಾಮಾನು ಇಳಿಸಲು ವಾರಗಟ್ಟಲೆ ಕಾದು ನಿಂತವು. 1916ರ ಫೆಬ್ರವರಿಯಲ್ಲಿ ಲಂಡನ್ನಿನ ಯುದ್ಧ ಕಚೇರಿ ಆ ರಂಗವನ್ನು ತನ್ನ ಕೈಗೆ ತೆಗೆದುಕೊಂಡಿತು. ಆದರೆ ಕಾಲ ಮೀರಿತ್ತು. ಏಪ್ರಿಲ್ 29ರಂದು ಕೂಟ್ ಪಟ್ಟಣದಲ್ಲಿ ಹಸಿವಿನಿಂದ ಸೋತು ಸುಮಾರು 13,000 ಜನ ಶರಣಾದರು. ಅವರಲ್ಲಿ ಹೆಚ್ಚಿನವರು ಭಾರತೀಯರು. ಸೆರೆಯಲ್ಲಿ ಸತ್ತವರು ಸಾವಿರಾರು. ಆಮೇಲೆ ಬಸ್ರಾದಲ್ಲಿ ಹಡಗುಕಟ್ಟೆ ಕಟ್ಟಿದರು, ರೈಲು ಹಾಕಿದರು, ದೋಣಿ ತರಿಸಿದರು. 1917ರ ಮಾರ್ಚಿನಲ್ಲಿ ಬಾಗ್ದಾದ್ ಸಿಕ್ಕಿತು. ಮೊದಲೇ ಮಾಡಿದ್ದರೆ ಆ 13,000 ಜನ?

ಇಲ್ಲಿಯವರೆಗೆ ಅವರನ್ನು ಹೊಗಳಿದ್ದೇನೆ. ಇನ್ನೊಂದನ್ನೂ ಹೇಳಲೇಬೇಕು. 1917ರಲ್ಲಿ ಫ್ರಾನ್ಸಿನ ಬ್ರಿಟಿಷ್ ಪಡೆಯ ಸೇನಾಪತಿ ಹೇಗ್ ಬೆಲ್ಜಿಯಂನಲ್ಲಿ ಪಾಶೆನ್‌ಡೇಲ್ ದಾಳಿ ಶುರು ಮಾಡಿದಾಗ ರಾಬರ್ಟ್‌ಸನ್‌ಗೆ ಒಳಗೊಳಗೇ ಅನುಮಾನ ಇತ್ತು. ಪ್ರಧಾನಿ ಲಾಯ್ಡ್ ಜಾರ್ಜ್ ಬೇಡ ಅನ್ನುತ್ತಿದ್ದರು. ಆದರೂ ಇವರು ಹೇಗ್ ಪರ ನಿಂತರು. ಸೆಪ್ಟೆಂಬರಿನಲ್ಲಿ ಹೇಗ್‌ಗೆ ಬರೆದ ಕಾಗದದಲ್ಲಿ ಮನಸ್ಸು ಬಿಚ್ಚಿದ್ದಾರೆ. ಇದಕ್ಕಿಂತ ಒಳ್ಳೆಯ ದಾರಿ ಕಾಣುತ್ತಿಲ್ಲ, ಮನಸ್ಸು ಹೇಳುತ್ತದೆ ಅಂತ ಅಂಟಿಕೊಂಡಿದ್ದೇನೆ, ಗಟ್ಟಿ ಕಾರಣ ಕೇಳಿದರೆ ನನ್ನ ಹತ್ತಿರ ಇಲ್ಲ ಅನ್ನುವ ಅರ್ಥದ ಮಾತುಗಳು. ಬದುಕಿಡೀ ಟನ್ನು, ಮೈಲಿ, ದಿನ ಲೆಕ್ಕ ಹಾಕಿ ಗೆದ್ದ ಮನುಷ್ಯ ಲಕ್ಷಾಂತರ ಜನರ ಪ್ರಾಣದ ವಿಷಯದಲ್ಲಿ ಲೆಕ್ಕ ಬಿಟ್ಟು ಮನಸ್ಸಿನ ಮಾತು ಕೇಳಿದರು. ನನಗೆ ಇದನ್ನು ಕ್ಷಮಿಸಲು ಆಗುವುದಿಲ್ಲ.

1918ರ ಫೆಬ್ರವರಿಯಲ್ಲಿ ಲಾಯ್ಡ್ ಜಾರ್ಜ್ ಅವರನ್ನು ಆ ಹುದ್ದೆಯಿಂದ ಇಳಿಸಿದರು. ಪಶ್ಚಿಮ ರಂಗ ಬಿಟ್ಟು ಪ್ಯಾಲೆಸ್ಟೈನ್ ಕಡೆ ಸೈನ್ಯ ಕಳಿಸುವುದನ್ನು ರಾಬರ್ಟ್‌ಸನ್ ಕೊನೆಯವರೆಗೂ ವಿರೋಧಿಸಿದ್ದರು. ಅದೇ ಪ್ಯಾಲೆಸ್ಟೈನಿನಲ್ಲಿ, ಅದೇ ವರ್ಷ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಹೈಫಾ ಗೆದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವರದ್ದು. 1920ರಲ್ಲಿ ರಾಬರ್ಟ್‌ಸನ್ ಫೀಲ್ಡ್ ಮಾರ್ಷಲ್ ಆದರು. ಬ್ರಿಟಿಷ್ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ ಆ ಮಟ್ಟ ಮುಟ್ಟಿದವರು ಅವರೊಬ್ಬರೇ. 1933ರಲ್ಲಿ ತೀರಿಕೊಂಡರು. ವೆಲ್‌ಬೋರ್ನ್‌ನ ಶಾಲೆಗೆ ಈಗ ಅವರದೇ ಹೆಸರು.

ಈಗ ಮಗ. ಬ್ರಯನ್ ಹುಟ್ಟಿದ್ದು 1896ರಲ್ಲಿ, ಸಿಮ್ಲಾದಲ್ಲಿ. ಎಂಜಿನಿಯರ್ ಪಡೆಯ ಅಧಿಕಾರಿಯಾಗಿ ಮೊದಲ ಯುದ್ಧ ನೋಡಿದರು, ಪದಕ ಗಳಿಸಿದರು. 1930ರ ದಶಕದಲ್ಲಿ ಸೈನ್ಯ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಹೋದರು, ಡನ್‌ಲಪ್ ಟೈರ್ ಕಂಪನಿಯ ಅಲ್ಲಿನ ಮುಖ್ಯಸ್ಥರಾದರು. ಎರಡನೆಯ ಯುದ್ಧ ಬಂದಾಗ ಮತ್ತೆ ಯೂನಿಫಾರಂ ಹಾಕಿಕೊಂಡರು.

1941ರಲ್ಲಿ ಪೂರ್ವ ಆಫ್ರಿಕಾದಲ್ಲಿ ಬ್ರಿಟಿಷ್ ಜನರಲ್ ಕನಿಂಗ್‌ಹ್ಯಾಮ್ ಸೈನ್ಯ ಇಟಲಿಯವರ ಮೇಲೆ ಕೀನ್ಯಾದಿಂದ ಹೊರಟು ಫೆಬ್ರವರಿ 25ಕ್ಕೆ ಮೊಗದಿಶು, ಏಪ್ರಿಲ್ 6ಕ್ಕೆ ಅಡಿಸ್ ಅಬಾಬ ಮುಟ್ಟಿತು. ಆ ಓಟಕ್ಕೆ ಪೆಟ್ರೋಲು, ಊಟ ಹೊಂದಿಸುವುದರಲ್ಲಿ ಬ್ರಯನ್ ಇದ್ದರು. ನಡುವೆ ಮಾರ್ಚ್ 16ರಂದು ಬರ್ಬೆರಾ ಬಂದರು ಸಿಕ್ಕಿತು. ಸರಬರಾಜಿನ ದಾರಿ ಒಂದೇ ಏಟಿಗೆ ನೂರಾರು ಮೈಲಿ ಗಿಡ್ಡವಾಯಿತು. ಬಂದರು ಹಿಡಿದರೆ ಅರ್ಧ ಯುದ್ಧ ಗೆದ್ದ ಹಾಗೆ. ಇದನ್ನು ಅವರು ಮರೆಯಲಿಲ್ಲ.

ಅದೇ ವರ್ಷ ಈಜಿಪ್ಟಿನ ಎಂಟನೇ ಸೈನ್ಯಕ್ಕೆ ಬಂದರು. ಆ ಮರುಭೂಮಿಯಲ್ಲಿ ಏನೂ ಸಿಗುವುದಿಲ್ಲ. ನೀರೂ ಲಾರಿಯಲ್ಲೇ ಬರಬೇಕು. ಒಬ್ಬನಿಗೆ ದಿನಕ್ಕೆ ಒಂದು ಗ್ಯಾಲನ್, ಎಷ್ಟೋ ಸಲ ಅದೂ ಇಲ್ಲ. ಕುಡಿಯಲು, ಅಡುಗೆಗೆ, ಗಡ್ಡಕ್ಕೆ, ಲಾರಿಯ ರೇಡಿಯೇಟರಿಗೆ ಎಲ್ಲಕ್ಕೂ ಅಷ್ಟೇ.

ಪೆಟ್ರೋಲಿನ ಡಬ್ಬಿಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ರಿಟಿಷರದ್ದು ನಾಲ್ಕು ಗ್ಯಾಲನ್ನಿನ ಚೌಕಾಕಾರದ ತೆಳು ತಗಡಿನ ಡಬ್ಬಿ. ಅಗ್ಗದ್ದು. ಲಾರಿಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಕುಲುಕಾಟಕ್ಕೆ ಬೆಸುಗೆ ಬಿಟ್ಟುಹೋಗುತ್ತಿತ್ತು. ಹೊರಟ ಪೆಟ್ರೋಲಿನಲ್ಲಿ ದೊಡ್ಡ ಪಾಲು ದಾರಿಯಲ್ಲೇ ಮರಳಿಗೆ. ಸೋರಿದ್ದಕ್ಕೆ ಬದಲಿ ತರಲು ಮತ್ತೆ ಲಾರಿ, ಆ ಲಾರಿಗೆ ಮತ್ತೆ ಪೆಟ್ರೋಲು. ಸಿಪಾಯಿಗಳು ಖಾಲಿ ಡಬ್ಬಿ ಕತ್ತರಿಸಿ, ಮರಳು ತುಂಬಿ, ಪೆಟ್ರೋಲು ಸುರಿದು, ಬೆಂಕಿ ಹಚ್ಚಿ ಟೀ ಕಾಯಿಸಿಕೊಳ್ಳುತ್ತಿದ್ದರು. ಜರ್ಮನ್ನರ ಡಬ್ಬಿ ನೋಡಿ. 20 ಲೀಟರಿನದ್ದು, ಗಟ್ಟಿ ತಗಡು, ಒತ್ತಿದರೆ ಬಿಗಿಯಾಗಿ ಕೂರುವ ಮುಚ್ಚಳ. ಮೇಲೆ ಮೂರು ಹಿಡಿ. ತುಂಬಿದ ಡಬ್ಬಿಯನ್ನು ಇಬ್ಬರು ಹಿಡಿಯಬಹುದು, ಖಾಲಿಯಾದರೆ ಒಂದೇ ಕೈಯಲ್ಲಿ ಎರಡು ಎತ್ತಬಹುದು. ಸಿಪಾಯಿಗಳು ಎಲ್ಲಿ ಸಿಕ್ಕಿದರೂ ಬಿಡದೆ ಎತ್ತಿಕೊಂಡರು, 'ಜೆರ್ರಿ ಕ್ಯಾನ್' ಅಂದರು. ಕೊನೆಗೆ ಬ್ರಿಟನ್ ಅದನ್ನೇ ನಕಲು ಮಾಡಿ ತಯಾರಿಸಿತು.

1942ರ ಜೂನ್ 21ರಂದು ಲಿಬಿಯಾದ ತೊಬ್ರೂಕ್ ಬಂದರು ಜರ್ಮನ್ ಸೇನಾಪತಿ ರೊಮೆಲ್ ಕೈಗೆ ಬಿತ್ತು. ಜೊತೆಗೆ ಸುಮಾರು 2,000 ವಾಹನ, ಸಾವಿರಾರು ಟನ್ ದಿನಸಿ, ಪೆಟ್ರೋಲು. ಇದೇ ಸಾಮಾನಿನ ಬಲದ ಮೇಲೆ ರೊಮೆಲ್ ಈಜಿಪ್ಟಿನೊಳಗೆ ನುಗ್ಗಿ ಬಂದ. ಸರಬರಾಜು ಅಧಿಕಾರಿಗೆ ಇದಕ್ಕಿಂತ ಕೆಟ್ಟ ದಿನ ಇರಲಾರದು.

ನವೆಂಬರಿನಲ್ಲಿ ಎಲ್ ಅಲಮೈನ್ ಗೆದ್ದ ಮೇಲೆ ಮಾಂಟ್‌ಗೊಮರಿಯ ಎಂಟನೇ ಸೈನ್ಯ ಟ್ರಿಪೊಲಿಯವರೆಗೆ ಸುಮಾರು 1,400 ಮೈಲಿ ನಡೆಯಬೇಕು. ಬೆಂಗಾಜಿ ಬಂದರೇ ಆಸರೆ. 1943ರ ಜನವರಿ ಮೊದಲ ವಾರ ದೊಡ್ಡ ಬಿರುಗಾಳಿ ಬಂದು ಆ ಬಂದರನ್ನೇ ಒಡೆದು ಹಾಕಿತು. ಆಗ ಏನು ಮಾಡಿದರು ಗೊತ್ತಾ? ಹತ್ತನೇ ಕೋರ್ ಎಂಬ ದೊಡ್ಡ ಪಡೆಯನ್ನು ಇದ್ದಲ್ಲೇ ನಿಲ್ಲಿಸಿ, ಅದರ ಲಾರಿಗಳನ್ನೆಲ್ಲ ಸಾಮಾನು ಹೊರಲು ಹಚ್ಚಿದರು. ಸೈನ್ಯದ ಒಂದು ದೊಡ್ಡ ಭಾಗ ಯುದ್ಧ ಬಿಟ್ಟು ಉಳಿದವರಿಗೆ ಅನ್ನ, ಪೆಟ್ರೋಲು ಹೊತ್ತಿತು. ಜನವರಿ 23ಕ್ಕೆ ಟ್ರಿಪೊಲಿ ಸಿಕ್ಕಿತು. ಬಂದರಿನ ಬಾಯಿಗೆ ಹಡಗು ಮುಳುಗಿಸಿ ಮುಚ್ಚಿದ್ದರು. ಫೆಬ್ರವರಿ 3ಕ್ಕೆ ಮೊದಲ ಹಡಗು ಒಳಗೆ ಬಂತು. ಒಂದು ವಾರದಲ್ಲಿ ದಿನಕ್ಕೆ 2,000 ಟನ್ ಇಳಿಯತೊಡಗಿತು. ಮಾಂಟ್‌ಗೊಮರಿ ಸುಲಭಕ್ಕೆ ಯಾರನ್ನೂ ಮೆಚ್ಚುವವರಲ್ಲ. ಬ್ರಯನ್ ರಾಬರ್ಟ್‌ಸನ್‌ರನ್ನು ಮೆಚ್ಚಿದರು.

ಇಟಲಿಯಲ್ಲಿ ಸೇನಾಪತಿ ಅಲೆಕ್ಸಾಂಡರ್ ಕೈಕೆಳಗೆ ಮುಖ್ಯ ಆಡಳಿತಾಧಿಕಾರಿ ಆಗಿದ್ದದ್ದನ್ನು ಇಲ್ಲಿ ಬಿಡುತ್ತೇನೆ. ಅದೇ ಕೆಲಸ, ಇನ್ನೂ ದೊಡ್ಡ ಮಟ್ಟದಲ್ಲಿ. ಅವರು 1953ರಿಂದ 1961ರವರೆಗೆ ಬ್ರಿಟನ್ನಿನ ರೈಲು, ಸಾರಿಗೆ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಆ ಕೆಲಸ ಕೈಗೂಡಲಿಲ್ಲ. 1955ರಲ್ಲಿ ನೂರು ಕೋಟಿ ಪೌಂಡಿಗೂ ಮೀರಿದ ರೈಲ್ವೆ ಯೋಜನೆ ಬಂತು. ಗುಡ್ಸ್ ವ್ಯಾಗನ್ ಜೋಡಿಸುವ ದೊಡ್ಡ ದೊಡ್ಡ ಯಾರ್ಡ್ ಕಟ್ಟಿದರು. ಆ ಹೊತ್ತಿಗೆ ಸರಕು ರೈಲು ಬಿಟ್ಟು ಲಾರಿ ಹತ್ತುತ್ತಿತ್ತು. ನಷ್ಟ ಬೆಳೆಯಿತು. ಮರುಭೂಮಿಯಲ್ಲಿ ಲಾರಿಯ ಶಕ್ತಿ ಅಷ್ಟು ಚೆನ್ನಾಗಿ ಬಲ್ಲವರು ಊರಿನಲ್ಲಿ ಅದನ್ನು ಯಾಕೆ ಕಾಣಲಿಲ್ಲ ಅಂತ ನನಗೆ ಈಗಲೂ ಆಶ್ಚರ್ಯ.

ಬರ್ಲಿನ್ ವಿಷಯವನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. 1948ರಲ್ಲಿ ಬ್ರಯನ್ ಜರ್ಮನಿಯ ಬ್ರಿಟಿಷ್ ವಲಯದ ಮಿಲಿಟರಿ ಗವರ್ನರ್. ಜೂನ್ 24ರಂದು ಸೋವಿಯತ್ ಸೈನ್ಯ ತನ್ನ ವಲಯದ ನಡುವೆ ಇದ್ದ ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು, ಕಾಲುವೆ ಎಲ್ಲ ಮುಚ್ಚಿತು. ಒಳಗೆ 20 ಲಕ್ಷಕ್ಕೂ ಹೆಚ್ಚು ಜನ. ಅಮೆರಿಕದ ಜನರಲ್ ಕ್ಲೇ ಅವರಿಗೆ ಬಂದೂಕಿನ ಕಾವಲಿನಲ್ಲಿ ಲಾರಿಗಳ ಸಾಲನ್ನು ನುಗ್ಗಿಸುವ ಮನಸ್ಸಿತ್ತು. ಬ್ರಯನ್ ಅದನ್ನು ಒಪ್ಪಲಿಲ್ಲ. ಮೂರನೆಯ ಯುದ್ಧಕ್ಕೆ ಅದು ಸಾಕಾಗಿತ್ತು.

ಬ್ರಿಟಿಷ್ ವಾಯುಪಡೆಯ ರೆಕ್ಸ್ ವೇಟ್ ಎಂಬ ಅಧಿಕಾರಿ ಕೂತು ಲೆಕ್ಕ ಹಾಕಿದ್ದರು. ವಿಮಾನದಲ್ಲೇ ಇಡೀ ಊರಿಗೆ ಊಟ ಕೊಡಬಹುದು ಎಂಬ ಲೆಕ್ಕ. ಹುಚ್ಚು ಅಂತ ಬದಿಗಿಡುವುದು ಸುಲಭವಿತ್ತು. ಬ್ರಯನ್ ಅದನ್ನು ಕೇಳಿಸಿಕೊಂಡರು, ಕ್ಲೇ ಮುಂದೆ ಇಡಿಸಿದರು. ಜನ ಬದುಕಲು ದಿನಕ್ಕೆ ಕಡಿಮೆ ಅಂದರೂ 4,500 ಟನ್ ಬೇಕಿತ್ತು. ಬ್ರೆಡ್ ಬೇಡ, ಹಿಟ್ಟು ತನ್ನಿ, ಬ್ರೆಡ್ಡಿನಲ್ಲಿ ಬರೀ ನೀರಿನ ತೂಕ. ಆಲೂಗಡ್ಡೆ ಬೇಡ, ಒಣಗಿಸಿದ್ದು ತನ್ನಿ. ಉಪ್ಪು ವಿಮಾನದ ಲೋಹವನ್ನು ತಿನ್ನುತ್ತದೆ, ಅದಕ್ಕೆ ಸಮುದ್ರಕ್ಕೆಂದೇ ಕಟ್ಟಿದ ಸುಂದರ್‌ಲ್ಯಾಂಡ್ ವಿಮಾನ ಇರಲಿ. ಅವು ಹ್ಯಾಂಬರ್ಗ್‌ನ ಎಲ್ಬ ನದಿಯಿಂದ ಎದ್ದು ಬರ್ಲಿನ್ನಿನ ಹಾವೆಲ್ ಕೆರೆಯ ಮೇಲೆ ಇಳಿಯುತ್ತಿದ್ದವು, ಉಪ್ಪಿನ ಮೂಟೆ ಹೊತ್ತು. ತೂಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದದ್ದು ಕಲ್ಲಿದ್ದಲು.

ಹೊತ್ತದ್ದರಲ್ಲಿ ಹೆಚ್ಚಿನದು ಅಮೆರಿಕದವರು. ಬ್ರಿಟಿಷರದ್ದು ಕಾಲು ಭಾಗದ ಹತ್ತಿರ. ಅಪಘಾತಗಳಲ್ಲಿ 39 ಬ್ರಿಟಿಷರು, 31 ಅಮೆರಿಕನ್ನರು ಸತ್ತರು. ಜರ್ಮನ್ನರೂ ಸತ್ತರು. ಮೂರೇ ವರ್ಷದ ಹಿಂದೆ ಬಾಂಬು ಹಾಕಿದ ಊರಿಗೆ ಹಿಟ್ಟು ಹೊತ್ತು ಹೋಗಿ ಪ್ರಾಣ ಕೊಟ್ಟವರು ಅವರು.

1949ರ ಮೇ 12ರಂದು ದಾರಿ ತೆರೆಯಿತು. ಸಭೆಯಲ್ಲಿ ಒಬ್ಬರು ಕೇಳಿದರು, ಅವತ್ತೇ ವಿಮಾನ ನಿಲ್ಲಿಸಿದರಾ ಅಂತ. ಇಲ್ಲ. ರೈಲು, ಲಾರಿ ಓಡುತ್ತಿದ್ದರೂ ಸೆಪ್ಟೆಂಬರ್ ಕೊನೆಯವರೆಗೆ ವಿಮಾನಗಳು ಹಾರುತ್ತಲೇ ಇದ್ದವು. ದಾರಿ ಮತ್ತೆ ಮುಚ್ಚಿದರೆ ಚಳಿಗಾಲಕ್ಕೆ ಇರಲಿ ಅಂತ ಬರ್ಲಿನ್ನಿನ ಗೋದಾಮುಗಳಲ್ಲಿ ಕಲ್ಲಿದ್ದಲು, ಹಿಟ್ಟು ತುಂಬಿಸಿಟ್ಟರು.